ಹಾವು ಕಚ್ಚದ ಕಾನ್‌ಸ್ಟೇಬಲ್

ನೊರೀನಳ ಕಥೆ ಮಾಯವಾಗಿತ್ತು!

ಒಂದು ಅಧ್ಯಾಯವಲ್ಲ—ನೂರಾ ಹನ್ನೆರಡು. ಎಂಟು ವರ್ಷದ ಬರವಣಿಗೆ. ಶನಿವಾರ ಬೆಂಡಿಗೋ ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನಮ್ಮ ಕೂಟ ಸೇರಿದಾಗ, ಕೊನೆಯ ಅಧ್ಯಾಯ ಹಾಕಲೆಂದು ಅವಳು ಲ್ಯಾಪ್‌ಟಾಪ್ ತೆರೆದಳು. ಅಭಿಮಾನಿಗಳ ಜಾಲತಾಣದಲ್ಲಿ ಅವಳ ಪುಟ ಖಾಲಿ.

‘ಉಪ್ಪುಕೆರೆ ಠಾಣೆ’ ಎಂಬ ಟೀವಿ ಧಾರಾವಾಹಿ ನಿಂತು ಇಪ್ಪತ್ತು ವರ್ಷವಾಯಿತು. ನಾವು ಬಿಡಬೇಕಲ್ಲ! ಅದರ ಪಾತ್ರಗಳನ್ನಿಟ್ಟುಕೊಂಡು ನಮ್ಮದೇ ಕಥೆ ಬರೆಯುತ್ತೇವೆ. ಠಾಣೆಯ ಪೊಲೀಸರಿಗೆ ಡೆಸ್ ತನ್ನ ಕಥೆಗಳಲ್ಲಿ ಬೇಕರಿ ಹಾಕಿಕೊಟ್ಟಿದ್ದಾನೆ. ಲೊಸಾ ಅವರನ್ನೆಲ್ಲ ಚಂದ್ರಲೋಕಕ್ಕೆ ವರ್ಗ ಮಾಡಿದ್ದಾಳೆ. ನೊರೀನ್ ಕಾನ್‌ಸ್ಟೇಬಲ್ ವಿಲ್‌ಗೆ ಮದುವೆ, ಮಕ್ಕಳು, ಮಂಡಿನೋವು ಎಲ್ಲ ಕೊಟ್ಟಿದ್ದಳು. ನಾನು, ಗ್ಲೆನಿಸ್, ಸತ್ತವರನ್ನು ಬದುಕಿಸುವವಳು. ಯಾರಾದರೂ ವಿಲ್‌ನನ್ನು ಕೊಂದರೆ ಸಾಕು, ತಡೆಯಲಾರದೆ ಎರಡೇ ದಿನದಲ್ಲಿ ಎಬ್ಬಿಸಿ ಕೂರಿಸುತ್ತೇನೆ.

“ಕಥೆ ನೋಟ್‌ಬುಕ್ಕಲ್ಲಿದೆ, ಮತ್ತೆ ಟೈಪ್ ಮಾಡ್ಕೋತೀನಿ,” ಎಂದಳು ನೊರೀನ್. “ಬೆರಿಲ್ ಬರ್ದಿದ್ದನ್ನ ಎಲ್ಲಿಂದ ತರ್ಲಿ?”

ಬೆರಿಲ್ ಅವಳ ತಂಗಿ. ಪ್ರತಿ ಅಧ್ಯಾಯದ ಕೆಳಗೂ ಏನಾದರೂ ಬರೆಯುತ್ತಿದ್ದಳು. ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಕಥೆ ಅಳಿಸಿದರೆ ಕೆಳಗಿನ ಓದುಗರ ಮಾತೂ ಅಳಿಯುತ್ತದೆ. ಇದು ನನಗೆ ಹೊಳೆದೇ ಇರಲಿಲ್ಲ.

ಲೊಸಾ ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವಳು. “ಯಾರೂ ಏಳ್ಬೇಡಿ,” ಎಂದಳು. “ಲ್ಯಾಪ್‌ಟಾಪ್ ಯಾರು ಮುಟ್ಟಿದ್ರು ನೊರೀನ್?”

“ಮೊನ್ನೆ ಗುರುವಾರ ಡೆಸ್ಸೂ ಗ್ಲೆನಿಸ್ಸೂ ಮನೇಗೆ ಬಂದಿದ್ರು. ಅದು ತೆರೆದೇ ಇತ್ತು. ನಾನು ಟೀ ಮಾಡ್ತಿದ್ದೆ.”

“ಡೆಸ್, ನಿಂಗೂ ಇವಳಿಗೂ ಜಗಳ ಆಗಿತ್ತಲ್ವಾ?”

“ವಿಲ್‌ಗೆ ಮಂಡಿನೋವು ಕೊಟ್ಟಿದ್ದಕ್ಕೆ ಕಣೆ! ನಾನು ವರಾಂಡದಲ್ಲಿ ಲ್ಯಾಮಿಂಗ್ಟನ್ ಕೇಕ್ ತಿಂತಾ ಕೂತಿದ್ದೆ ಮಾರಾಯ್ತಿ!”

“ಆಯ್ತು. ಕೊನೇ ಅಧ್ಯಾಯದಲ್ಲಿ ಏನಿತ್ತು?”

“ಯಾರಿಗೂ ಹೇಳಿಲ್ಲ, ಪ್ರಕಟಿಸ್ದೆ ಅಲ್ಲೇ ಕರಡಾಗಿ ಇಟ್ಟಿದ್ದೆ,” ಎಂದಳು ನೊರೀನ್. “ವಿಲ್ ಸಾಯ್ತಾನೆ. ಹಾವು ಕಚ್ಚಿ.”

ಲೊಸಾ ನನ್ನ ಕಡೆ ತಿರುಗಿದಳು.

“ಗ್ಲೆನಿಸ್, ನಿನ್ನೆ ನೀನು ಹಾಕಿದ ಕಥೆ ಓದ್ದೆ. ಹಾವು ಕಚ್ಚಿದ ವಿಲ್‌ಗೆ ಸಮಯಕ್ಕೆ ಸರಿಯಾಗಿ ಔಷಧಿ ಸಿಗತ್ತೆ. ಚೆನ್ನಾಗಿದೆ.”

ನಾನು ಕಪ್ಪು ಕೆಳಗಿಟ್ಟೆ.

“ಬದುಕಿಸೋರು ಯಾರ ಕಥೆಯ ಸಾವನ್ನ ತಿದ್ತಾ ಇದೀವಿ ಅಂತ ಮೇಲೆ ಹೆಸರು ಹಾಕ್ಬೇಕು—ನಮ್ಮ ಪದ್ಧತಿ ತಾನೇ? ನೀನು ಯಾವತ್ತೂ ತಪ್ಪಿಸ್ದೋಳಲ್ಲ. ಈ ಸಲ ಖಾಲಿ ಬಿಟ್ಟಿದೀಯ. ಧಾರಾವಾಹೀಲಿ ಅವನಿಗೆ ಹಾವು ಕಚ್ಚಿಲ್ಲ. ನಾವ್ಯಾರೂ ಕಚ್ಚಿಸಿಲ್ಲ. ಮತ್ತೆ ಯಾವ ಸಾವಿಂದ ಎಬ್ಬಿಸ್ದೆ ಅವನನ್ನ?”

“ಆ ಒಂದು ಅಧ್ಯಾಯ ಅಷ್ಟೇ ಅಳಿಸ್ಬೇಕು ಅಂತಿದ್ದೆ, ನೊರೀನ್…” ಎಂದೆ. “ಅವನು ಸಾಯೋದು ನೋಡೋಕಾಗ್ಲಿಲ್ಲ ಕಣೆ. ನೀನು ಬರೋ ಸದ್ದಾಯ್ತು. ಗಾಬರೀಲಿ ಪೂರ್ತಿ ಕಥೇನೇ ಅಳಿಸ್ಬಿಟ್ಟೆ.”

ನೊರೀನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಸತ್ತೋರನ್ನ ಬದುಕಿಸ್ತೀಯಲ್ಲ ಗ್ಲೆನಿಸ್,” ಎಂದಳು. “ಬೆರಿಲ್ ಬರ್ದಿದ್ದು ಒಂದೇ ಒಂದು ಸಾಲು ನೆನಪಿದ್ರೆ ಹೇಳು.”

ವಿಲ್‌ನ ಪ್ರತಿ ಮಾತೂ ನನಗೆ ಬಾಯಿಪಾಠ. ಬೆರಿಲ್ ಬರೆದದ್ದನ್ನು ಎಂಟು ವರ್ಷದಲ್ಲಿ ನಾನು ಒಮ್ಮೆಯೂ ಓದಿರಲಿಲ್ಲ.