ಉಮೈರಾಳ ಅಳತೆ

ಪರ್ಕಳದಲ್ಲಿ ಆಸಿಯಮ್ಮನವರ ಹೊಲಿಗೆ ಅಂಗಡಿಯ ಗಿರಾಕಿಗಳ ಅಳತೆಯೆಲ್ಲ ಒಂದೇ ಕಂಪ್ಯೂಟರಿನಲ್ಲಿದೆ. ಕಳೆದ ಮಾರ್ಚಿನ ಒಂದು ಮಧ್ಯಾಹ್ನ, ಹೊಸ ಸಾಫ್ಟ್‌ವೇರನ್ನು ಅದರೊಳಗಿನ ಡೇಟಾಬೇಸಿಗೆ ಜೋಡಿಸಲು ಹೋಗಿದ್ದೆ.

ಇಂಥ ಕೆಲಸದಲ್ಲಿ ನಾನು ಮೊದಲು ಬೇಕೆಂದೇ ತಪ್ಪು ಪಾಸ್‌ವರ್ಡ್ ಹಾಕಿ ನೋಡುತ್ತೇನೆ. ಏನೂ ತೆರೆಯಬಾರದು. ಅಂದು ತೆರೆಯಿತು. ಬಂದದ್ದು ಒಂದೇ ಹೆಸರು, ಉಮೈರಾ. ವರ್ಷಕ್ಕೊಂದು ಸಾಲಿನಂತೆ ಫ್ರಾಕಿನ ಉದ್ದವಿತ್ತು, ಇಪ್ಪತ್ತೆರಡು ಇಂಚಿನಿಂದ ಮೂವತ್ತೆರಡರವರೆಗೆ. ಕೊನೆಯ ಸಾಲಿಗೆ ಅಂದಿನದೇ ತಾರೀಖು.

ಡೇಟಾಬೇಸನ್ನೇ ನಿಲ್ಲಿಸಿದೆ. ನೆಟ್ ಕೇಬಲ್ ಕಿತ್ತೆ. ಮತ್ತೆ ತೆರೆದು ನೋಡಿದರೂ ಸಾಲುಗಳು ಹೋಗಲಿಲ್ಲ. ಆ ಸೆಕೆಯಲ್ಲೂ ಮೇಜಿನ ಮೇಲಿದ್ದ ಅಳತೆ ಟೇಪು ಕೈಗೆ ಐಸಿನಂತೆ ತಾಗಿತು.

“ನನ್ನ ಮಗಳು,” ಎಂದರು ಆಸಿಯಮ್ಮ. “ನಾಲ್ಕು ವರ್ಷಕ್ಕೇ ತೀರಿಹೋದಳು. ಮೊದಲ ಸಾಲು ಮಾತ್ರ ನಾನು ಬರೆದದ್ದು. ಸಂಗಮೇಶರೇ, ಸರಿ ಪಾಸ್‌ವರ್ಡ್ ಹಾಕಿದರೆ ಇದು ಹೋಗ್ತದಾ?”

ಗೊತ್ತಿಲ್ಲ ಎಂದೆ. ಅವರು ಕೊನೆಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು, “ಹಾಕಿ,” ಎಂದರು.

ಡೇಟಾಬೇಸನ್ನು ಮತ್ತೆ ಶುರುಮಾಡಿ ಹಾಕಿದೆ. ಆರುನೂರು ಗಿರಾಕಿಗಳ ಅಳತೆಯೂ ಪರದೆಗೆ ಬಂತು. ಉಮೈರಾಳ ಹೆಸರಿನ ಮುಂದೆ ಮೊದಲ ಸಾಲೊಂದೇ ಇತ್ತು. ಮತ್ತೆ ತಪ್ಪು ಪಾಸ್‌ವರ್ಡ್ ಹಾಕಿದಾಗ ಏನೂ ತೆರೆಯಲಿಲ್ಲ.

ಆ ವರ್ಷದ ರಂಜಾನ್ ಹಬ್ಬಕ್ಕೆ ಅವರು ಮೂವತ್ತೆರಡು ಇಂಚಿನ ಫ್ರಾಕು ಹೊಲಿದು ಅಂಗಡಿಯಲ್ಲಿ ತೂಗುಹಾಕಿದರು. ಬೆಳೆಯುವ ಮಕ್ಕಳ ಬಟ್ಟೆಗೆ ಮಾಡುವ ಹಾಗೆ ಕೆಳಗೆ ಎರಡಿಂಚು ಒಳಕ್ಕೆ ಮಡಚಿ ಹೊಲಿದಿದ್ದರು.

ಈ ಮಾರ್ಚಿನಲ್ಲಿ ಫೋನ್ ಬಂತು. “ಮಡಚಿದ್ದನ್ನು ಯಾರೋ ಬಿಚ್ಚಿದ್ದಾರೆ ಮಾರಾಯ್ರೆ. ಅಂಗಡಿಯ ಬೀಗದಕೈ ಇರುವುದು ಒಂದೇ, ಅದು ನನ್ನ ಹತ್ತಿರ ಉಂಟು.”

ಹೋಗಿ ಮುಟ್ಟಿ ನೋಡಿದೆ. ಬಟ್ಟೆ ತಣ್ಣಗಿತ್ತು. ಕತ್ತಿನ ಅಂಚು ಒಂದು ವರ್ಷ ತೊಟ್ಟಷ್ಟು ಮಾಸಿತ್ತು.