ಇಲ್ಲಿ ಬೇಡ, ಹೊಳೆಯಾಚೆಗೆ ಹೋಗಿ!

"ದಾರಿ ಬಿಡಿ ಸಿಸ್ಟರ್! ತಡವಾದ್ರೆ ಈ ಮಗು ಉಳಿಯಲ್ಲ!"

ಆಂಬುಲೆನ್ಸ್ ಡ್ರೈವರ್ ಕೂಗಿದ ರಭಸಕ್ಕೆ ಆಸ್ಪತ್ರೆಯ ಗೇಟಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನರ್ಸ್ ಗಾಡಿಯೊಳಗೆ ಹತ್ತಿದಳು. ಏಳೆಂಟು ವರ್ಷದ ಹುಡುಗಿ. ಹೊಟ್ಟೆ ಕಲ್ಲಿನಂತೆ ಗಟ್ಟಿ. ನಾಡಿ ನೂಲಿನೆಳೆಯಷ್ಟು ಸಣ್ಣ... ಒಳಗೇ ರಕ್ತ ಸೋರುತ್ತಿದೆ!

ಅವಳು ಸಲೈನ್ ಹಾಕಿದಳು, ತುರ್ತು ಎಂಬ ಗುರುತಿಗೆ ಕೆಂಪು ಪಟ್ಟಿ ಕಟ್ಟಿದಳು. ಆದರೆ ಮಗುವನ್ನು ಇಳಿಸಲು ಬಿಡಲಿಲ್ಲ.

"ಇಲ್ಲಿ ಬೇಡ. ಹೊಳೆಯಾಚೆ ಆಸ್ಪತ್ರೆಗೆ ಹೋಗಿ. ಈಗಲೇ!"

"ಬಾಗಿಲಿಗೆ ಬಂದ ಮಗೂನ ವಾಪಸ್ ಕಳಿಸ್ತೀರಾ?"

"ಎರಡು ಆಪರೇಷನ್ ಥಿಯೇಟರೂ ತುಂಬಿದೆ. ಇಲ್ಲಿ ಸರದಿ ಬರೋಷ್ಟರಲ್ಲಿ..."

"ನಿಮಗೆ ಕರುಳು ಅನ್ನೋದೇ ಇಲ್ವಾ?"

ಅವಳು ಕೆಳಗಿಳಿಯುತ್ತಲೇ ಗಾಡಿಯ ಬಾಗಿಲು ದಢಾರನೆ ಮುಚ್ಚಿತು. ಸೈರನ್ ದೂರವಾಯಿತು. ಕಣ್ಣೊರೆಸಿಕೊಳ್ಳಲೂ ಅವಳಿಗೆ ಪುರುಸೊತ್ತಿರಲಿಲ್ಲ. ಮೊಬೈಲ್ ಕಿವಿಗಿಟ್ಟು, ಹೊಳೆಯಾಚೆಯ ಸರ್ಜನ್‌ಗೆ ಒಂದೇ ಉಸಿರಿನಲ್ಲಿ ವಿಷಯ ತಿಳಿಸಿದಳು.

ಹನ್ನೊಂದೂವರೆಗೆ ಎರಡು ಬಸ್ಸುಗಳು ಮುಖಾಮುಖಿ ಡಿಕ್ಕಿ ಹೊಡೆದಿದ್ದವು. ನಡೆಯಬಲ್ಲವರೆಲ್ಲ ಸಿಕ್ಕ ಸಿಕ್ಕ ಗಾಡಿ ಹತ್ತಿ ಹತ್ತಿರದ ಈ ಆಸ್ಪತ್ರೆಗೇ ನುಗ್ಗಿದ್ದರು. ದೊಡ್ಡ ಅಪಘಾತಗಳಲ್ಲಿ ಆಗುವುದೇ ಹೀಗೆ: ಕೂಗುವವರು ಮೊದಲು ಬರುತ್ತಾರೆ, ಕೂಗಲಾರದವರು ಆಮೇಲೆ ಬರುತ್ತಾರೆ. ಅಷ್ಟರಲ್ಲಿ ಖಾಲಿ ಮಂಚಗಳೇ ಇರುವುದಿಲ್ಲ. ಯಾರು ಒಳಗೆ, ಯಾರು ಹೊರಗೆ ಎಂದು ವಿಂಗಡಿಸುವ ಕಠಿಣ ಕೆಲಸ ಇವತ್ತು ಅವಳ ತಲೆಗೆ ಬಿದ್ದಿತ್ತು.

'ಬೇರೆ ಯಾರಾದರೂ ಹಾಗೆ ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿತ್ತೇ?'

ಮೂರು ತಿಂಗಳಿಂದ ಆ ಡ್ರೈವರ್ ದಿನಾ ಬರುತ್ತಿದ್ದ. ರೋಗಿಯನ್ನು ಇಳಿಸಿದ ಮೇಲೂ ಚಕ್ರದ ಗಾಳಿ ನೋಡುವ ನೆಪದಲ್ಲಿ ನಿಲ್ಲುತ್ತಿದ್ದ. ಅವಳು ನೋಡಿಯೂ ನೋಡದಂತಿರುತ್ತಿದ್ದಳು!

ಎರಡು ಗಂಟೆಗೆ ವಾರ್ಡಿನ ಆಯಮ್ಮ ಏದುಸಿರು ಬಿಡುತ್ತಾ ಬಂದಳು.

"ಸೇತುವೆ ಮೇಲೆ ಒಂದು ಆಂಬುಲೆನ್ಸ್ ಪಲ್ಟಿಯಂತೆ ಕಣಮ್ಮಾ!"

ಅವಳು ಮೊಬೈಲಿಗೆ ಕೈಹಾಕಿದಳು.

ಸೇತುವೆಯ ದಾರಿಗೆ ಕಳಿಸಿದವಳು ತಾನೇ! ಅವನಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು... ಸ್ವಿಚ್ ಆಫ್!

"ಸಿಸ್ಟರ್, ಇಲ್ಲೊಬ್ಬರಿಗೆ ಉಸಿರು ಸಿಗ್ತಿಲ್ಲ!"

ಓಡಿದಳು. ಕೈ ಕೆಲಸ ಮಾಡುತ್ತಿತ್ತು, ಕಿವಿ ಮಾತ್ರ ಗೇಟಿನಲ್ಲಿತ್ತು. ಪ್ರತಿ ಸೈರನ್ನಿಗೂ ಜೀವ ಬಾಯಿಗೆ ಬರುತ್ತಿತ್ತು.

'ದೇವರೇ, ಮಗು ಉಳಿಯಲಿ. ಅವರು ಬೈಯಲಿ, ಜನ್ಮವಿಡೀ ಬೈಯಲಿ... ಬಂದರೆ ಸಾಕು!'

ಐದು ಗಂಟೆಯ ಹೊತ್ತಿಗೆ ಗದ್ದಲ ತಗ್ಗಿತು. ಅವಳು ಗೇಟಿನ ಕಟ್ಟೆಯ ಮೇಲೆ ಕುಸಿದು ಕುಳಿತಳು.

"ಸಿಸ್ಟರ್..."

ತಲೆಯೆತ್ತಿದಳು. ಅವನೇ! ಮೈಯೆಲ್ಲ ಧೂಳು.

"ಮಗು?" ಅವಳಿಗೆ ಮೊದಲು ಹೊರಟದ್ದು ಅದೊಂದೇ ಮಾತು.

"ಉಳೀತು. ನಾವು ಹೋಗೋಷ್ಟರಲ್ಲಿ ಸರ್ಜನ್ ಬಾಗಿಲಲ್ಲೇ ನಿಂತಿದ್ರು. ನೀವು ಫೋನ್ ಮಾಡಿದ್ರಂತೆ. ಅರ್ಧ ಗಂಟೆ ತಡವಾಗಿದ್ರೆ ಕಷ್ಟ ಇತ್ತು ಅಂದ್ರು." ಅವನು ತಲೆ ತಗ್ಗಿಸಿದ. "ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಕ್ಷಮಿಸಿ."

"ಫೋನ್ ಯಾಕೆ ಎತ್ತಲಿಲ್ಲ? ಸೇತುವೆ ಮೇಲೆ ಪಲ್ಟಿ ಅಂದ್ರು! ನಾನು ಇಲ್ಲಿ ಸತ್ತು ಬದುಕಿದೀನಿ, ಗೊತ್ತಾ?"

"ಪಲ್ಟಿಯಾಗಿದ್ದು ಬೇರೆ ಗಾಡಿ. ಮಗೂನ ಬಿಟ್ಟು ವಾಪಸ್ ಬರ್ತಾ ಅದರಲ್ಲಿದ್ದೋರನ್ನ ಹೊರಗೆಳೀತಿದ್ದೆ, ಫೋನ್ ಎಲ್ಲೋ ಬಿದ್ದು ಒಡೆದುಹೋಯ್ತು. ಎಲ್ಲರೂ ಬದುಕಿದಾರೆ."

ಅವಳಿಗೆ ಅಳು ತಡೆಯಲಾಗಲಿಲ್ಲ. ಅವನು ಪಕ್ಕದಲ್ಲಿ ಕುಳಿತು, ಹೆದರುತ್ತಲೇ ಅವಳ ಮುಂಗೈ ಹಿಡಿದ.

"ನಾಡಿ ಇಷ್ಟು ಜೋರಾಗಿ ಓಡ್ತಿದೆಯಲ್ರೀ!"

"ನಿಮ್ಮ ಗಾಡಿ ಹಿಂದೇನೇ ಓಡ್ತಿತ್ತು..."

"ಇವತ್ತೊಂದು ದಿನ ಮಾತ್ರಾನಾ?"

"ಮೂರು ತಿಂಗಳಿಂದ," ಎಂದಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.