ಎರಡು ಬೆರಳಗಲದ ಚೀಟಿ

“ಮೆಲ್ಲಗೆ ಒತ್ತೇ! ಸೀಲು ಮುರಿದ್ರೆ ನಿನ್ನ ಮೂಗಿಗೇ ಮಸಿ ಹಚ್ಚಿ ಒತ್ತಿಬಿಡ್ತೀನಿ!” ಎಂದು ಅಪ್ಪ ಜೆರಾಕ್ಸ್ ಮೆಷೀನಿನ ಹಿಂದಿನಿಂದ ಕೂಗಿದ.

ಸುಂದುಸ್ ಮೆಲ್ಲಗೆ ಒತ್ತಲಿಲ್ಲ. ಯೂನಿವರ್ಸಿಟಿ ಪರೀಕ್ಷೆಗೆ ಇನ್ನು ಹತ್ತೇ ದಿನ. ಅಂಗಡಿಯ ಮುಂದೆ ಹುಡುಗರ ಸಾಲು ಬೀದಿಯವರೆಗೂ ಬೆಳೆದಿತ್ತು. ಟಪ್, ಟಪ್, ಟಪ್. ಪ್ರತಿ ಪುಸ್ತಕದ ಮೊದಲ ಪುಟದ ಮೇಲೂ ನೇರಳೆ ಅಕ್ಷರ ಮೂಡುತ್ತಿತ್ತು: “ಇದನ್ನು ನಕಲು ಮಾಡುವುದು ಹರಾಮ್. ಅಸಲಿ ಪ್ರತಿ ಶಹಾತಾ ಕಾಪಿ ಸೆಂಟರ್‌ನಲ್ಲಿ ಮಾತ್ರ.”

ಆ ಅಸಲಿ ಪ್ರತಿಯೂ ನಕಲೇ. ಅಂಗಡಿಯಲ್ಲಿದ್ದದ್ದೆಲ್ಲ ನಕಲೇ. ಆದರೆ ಅದನ್ನು ಅವಳ ಅಪ್ಪ ಶಹಾತಾನ ಮುಖಕ್ಕೆ ಹೇಳಲು ಆ ಗಲ್ಲಿಯಲ್ಲಿ ಯಾರಿಗೂ ಬಾಯಿರಲಿಲ್ಲ. ಉಳಿದ ಹದಿನಾಲ್ಕು ಅಂಗಡಿಗಳಲ್ಲೂ ಅಂಥದೇ ಒಂದೊಂದು ಸೀಲಿತ್ತು.

ಯೂನಿವರ್ಸಿಟಿ ಗೇಟಿನ ಎದುರಿನ ಆ ಗಲ್ಲಿ ಕೈರೋ ನಗರದಲ್ಲೇ ಹೆಸರುವಾಸಿ. ಬೆಳಿಗ್ಗೆ ಮೇಷ್ಟ್ರು ಕ್ಲಾಸಿನಲ್ಲಿ ಕೆಮ್ಮಿದರೆ ಮಧ್ಯಾಹ್ನದೊಳಗೆ ಆ ಕೆಮ್ಮೂ ಜೆರಾಕ್ಸ್ ಆಗಿ ಅಲ್ಲಿ ಸಿಗುತ್ತದೆ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು.

ಆ ವರ್ಷ ಎಲ್ಲಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದದ್ದು ಡಾಕ್ಟರ್ ಇಬ್ತಿಸಾಮ್ ಅವರ ಸಂಖ್ಯಾಶಾಸ್ತ್ರದ ಪುಸ್ತಕ. ಅವರು ಮದ್ದು ಕೊಡುವ ಡಾಕ್ಟರಲ್ಲ, ಪಾಠ ಹೇಳುವ ಡಾಕ್ಟರ್. ತಮ್ಮ ಪಾಠ, ಪುಸ್ತಕ, ವೀಡಿಯೋ ಎಲ್ಲವನ್ನೂ ಯೂನಿವರ್ಸಿಟಿಯ ಉಚಿತ ಆನ್‌ಲೈನ್ ಲೈಬ್ರರಿಗೆ ಹಾಕಿಬಿಟ್ಟಿದ್ದರು. ಪುಸ್ತಕದ ಮೊದಲ ಪುಟದಲ್ಲಿ ಒಂದು ಸಾಲನ್ನೂ ಬರೆದಿದ್ದರು: “ಇದು ಎಲ್ಲರಿಗೂ ಉಚಿತ. ಓದಿ, ಹಂಚಿ. ಮಾರಬೇಡಿ.”

ಪುಸ್ತಕದ ಒಂದು ನಕಲನ್ನು ಯಾರೋ ಹುಡುಗ ಅಂಗಡಿಗೆ ತಂದುಕೊಟ್ಟಿದ್ದ. ಆದರೆ ಆ ಸಾಲು ಅಂಗಡಿಗೆ ಒಗ್ಗುವಂಥದ್ದಲ್ಲ. ಅಪ್ಪ ಅದಕ್ಕೆ ಸುಲಭದ ಉಪಾಯ ಮಾಡಿದ್ದ. ಹಾಳೆಯನ್ನು ಗಾಜಿನ ಮೇಲೆ ಇಡುವ ಮೊದಲು ಆ ಸಾಲಿನ ಮೇಲೊಂದು ಬಿಳಿ ಚೀಟಿ ಇಟ್ಟರೆ ಸಾಕು, ಸಾಲು ಮಾಯ! ಚೀಟಿ ಎರಡು ಬೆರಳಗಲ. ಕತ್ತರಿಸಿದವಳು ಸುಂದುಸ್. “ಅಂಚಿನ ನೆರಳು ಬೀಳದ ಹಾಗೆ ಕತ್ತರಿಸೋದು ನನ್ನ ಮಗಳಿಗೊಬ್ಬಳಿಗೇ ಗೊತ್ತು,” ಎಂದು ಅಪ್ಪ ಗಿರಾಕಿಗಳ ಮುಂದೆ ಹೊಗಳಿದಾಗ ಅವಳು ಉಬ್ಬಿಹೋಗಿದ್ದಳು.

ಆ ಡಾಕ್ಟರಮ್ಮ ಶಾಲೆಯಲ್ಲಿ ತನ್ನ ಪಕ್ಕ ಕೂರುವ ಲಮೀಸಳ ಅಮ್ಮ ಎಂಬುದು ಸುಂದುಸಳಿಗೆ ಗೊತ್ತೇ ಇತ್ತು. ಅಂಗಡಿ ಬೇರೆ, ಶಾಲೆ ಬೇರೆ ಎಂದುಕೊಂಡು ಸುಮ್ಮನಿದ್ದಳು. ಲಮೀಸ್ ಗಲ್ಲಿಗೆ ಬರುವವಳೂ ಅಲ್ಲ.

ಆದರೆ ಅವತ್ತು ಬಂದಳು.

“ಸುಂದುಸ್, ಈ ಮ್ಯಾಪು ಎರಡು ಕಾಪಿ...” ಎನ್ನುತ್ತಾ ಬಂದವಳ ಮಾತು ಅರ್ಧಕ್ಕೇ ನಿಂತಿತು. ಪುಸ್ತಕದ ರಾಶಿಯನ್ನೇ ನೋಡಿದಳು. “ಅಯ್ಯೋ! ಇವು ನನ್ನ ಬೆಕ್ಕುಗಳು!”

ಮೊದಲ ಪುಟದಲ್ಲಿ ಯಾವ ಬೀದಿಯಲ್ಲಿ ಎಷ್ಟು ಬೆಕ್ಕುಗಳಿವೆ ಎಂದು ತೋರಿಸುವ ಚಿತ್ರವಿತ್ತು. ಅಮ್ಮನ ಪುಸ್ತಕಕ್ಕೆಂದು ಅದನ್ನು ಬರೆದುಕೊಟ್ಟವಳು ಲಮೀಸ್. ನಕಲಿನ ನಕಲಿನ ನಕಲಾಗಿ ಬೆಕ್ಕುಗಳೆಲ್ಲ ಸುಟ್ಟ ಬದನೆಕಾಯಿಯಂತೆ ಕಾಣುತ್ತಿದ್ದವು. ಎಲ್ಲಕ್ಕಿಂತ ದಪ್ಪ ಬೆಕ್ಕಿನ ಮುಖದ ಮೇಲೆ “ಹರಾಮ್” ಎಂದು ಸೀಲು ಬಿದ್ದಿತ್ತು.

“ಅಮ್ಮ ಇದನ್ನ ಫ್ರೀ ಇಟ್ಟಿದಾರೆ. ನೀವು ಮಾರ್ತಿದೀರಾ?”

“ಪೇಪರ್ ಏನು ಮರದಿಂದ ಉದುರುತ್ತಾ?” ಸುಂದುಸ್ ಅಪ್ಪನ ಮಾತನ್ನೇ ಒಪ್ಪಿಸಿದಳು.

“ಹೂಂ ಮತ್ತೆ, ಮರದಿಂದಾನೇ ಬರೋದು! ಸೈನ್ಸ್ ಕ್ಲಾಸಲ್ಲಿ ನಿದ್ದೆ ಮಾಡ್ತಿದ್ಯಾ?” ಲಮೀಸ್ ಪುಸ್ತಕವನ್ನು ಮುಖದ ಹತ್ತಿರ ಹಿಡಿದು ನೋಡಿದಳು. “ಇಲ್ಲಿ ‘ಮಾರಬೇಡಿ’ ಅಂತ ಒಂದು ಲೈನ್ ಇತ್ತಲ್ಲ. ಎಲ್ಲೋಯ್ತು?”

ಸೀಲು ಹಿಡಿದ ಸುಂದುಸಳ ಕೈ ಗಾಳಿಯಲ್ಲೇ ನಿಂತಿತು.

“ನಂಗೇನು ಗೊತ್ತು? ನಮಗೆ ಸಿಕ್ಕಿದ್ದೇ ಹೀಗೆ.”

“ಸುಳ್ಳಿ! ಕಳ್ಳಿ! ನೀನೂ ಕಳ್ಳಿ, ನಿಮ್ಮಂಗಡೀನೂ ಕಳ್ಳಂಗಡಿ!”

ಸಾಲಿನಲ್ಲಿದ್ದ ಹುಡುಗರು ನಕ್ಕರು. ಅಪ್ಪನಿಗೆ ಮೆಷೀನಿನ ಸದ್ದಿನಲ್ಲಿ ಏನೂ ಕೇಳಿಸಿರಲಿಲ್ಲ. ತಲೆ ಹೊರಗೆ ಹಾಕಿ, “ಮ್ಯಾಪು ಕೊಡು ಪುಟ್ಟಾ, ಸುಂದುಸ್ ಫ್ರೆಂಡಲ್ವಾ, ನಿಂಗೆ ಫ್ರೀ!” ಎಂದ.

ಲಮೀಸ್ ಮ್ಯಾಪನ್ನು ಎದೆಗೆ ಅವುಚಿಕೊಂಡು ಓಡಿಯೇಬಿಟ್ಟಳು.

ಮರುದಿನ ಶಾಲೆಯಲ್ಲಿ ಲಮೀಸ್ ಹಿಂದಿನ ಬೆಂಚಿಗೆ ಹೋಗಿ ದಾಲ್ಯಾಳ ಪಕ್ಕ ಕೂತಳು. ದಾಲ್ಯಾಳಿಗೆ ವರ್ಷವಿಡೀ ನೆಗಡಿ. ಸೊರಸೊರ ಎನ್ನುವ ಮೂಗಿನ ಪಕ್ಕ ಕೂತರೂ ಸರಿ, ಸುಂದುಸಳ ಪಕ್ಕ ಬೇಡ ಎಂದರೆ ಸಿಟ್ಟು ಎಷ್ಟಿರಬೇಕು! ನಾಲ್ಕು ವರ್ಷದಿಂದ ಅವರಿಬ್ಬರದು ಒಂದೇ ಬೆಂಚು. ಸುಂದುಸಳಿಗೆ ಲೆಕ್ಕದ ಕ್ಲಾಸಿನಲ್ಲಿ ಒಂದಕ್ಷರವೂ ತಲೆಗೆ ಹೋಗಲಿಲ್ಲ.

‘ನಾವು ಕಳ್ಳರಲ್ಲ. ಅದನ್ನ ತೋರಿಸ್ತೀನಿ ಇವಳಿಗೆ,’ ಎಂದುಕೊಂಡಳು.

ಸಂಜೆ ಅಂಗಡಿಗೆ ಹಮ್ದಿ ಬಂದ. ಅವನು ದೂರದ ಸೋಹಾಗಿನಿಂದ ಬಂದು ಯೂನಿವರ್ಸಿಟಿಯಲ್ಲಿ ಕಾಮರ್ಸ್ ಓದುತ್ತಿದ್ದ. ದಿನವೂ ಬಂದು ಒಂದು ಕಪ್ ಟೀ ಕುಡಿದು, ಏನಾದರೂ ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಿದ್ದ.

“ಹಮ್ದಿ ಅಣ್ಣ, ಡಾಕ್ಟರಮ್ಮನ ಪುಸ್ತಕ ಫ್ರೀ ಲೈಬ್ರರೀಲಿ ಇದೆಯಂತಲ್ಲ. ಮತ್ತೆ ನೀವ್ಯಾಕೆ ಇಲ್ಲಿಗೆ ಬರ್ತೀರಿ?”

ಹಮ್ದಿ ಎಷ್ಟು ಜೋರಾಗಿ ನಕ್ಕನೆಂದರೆ ಟೀ ಅವನ ಷರ್ಟಿನ ಮೇಲೆಯೇ ಚೆಲ್ಲಿತು. “ಫ್ರೀ ಲೈಬ್ರರೀನಾ? ಬಾ ಪುಟ್ಟಿ, ಒಂದ್ಸಲ ಹೋಗ್ಬರೋಣ.”

ಇಬ್ಬರೂ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತರು. ಮೊದಲು ಯೂನಿವರ್ಸಿಟಿಯ ದೊಡ್ಡ ಸಾಹೇಬರ ಫೋಟೋ ಬರತೊಡಗಿತು. ಹಣೆ ಬಂತು. ಹಮ್ದಿ ಉಳಿದ ಟೀ ಕುಡಿದು ಮುಗಿಸಿದ. ಆಮೇಲೆ ಮೀಸೆ ಬಂತು. ಮೀಸೆಯ ಕೆಳಗೆ ಚಿನ್ನದ ಬಣ್ಣದಲ್ಲಿ “ಜ್ಞಾನಕ್ಕೆ ಬಾಗಿಲಿಲ್ಲ” ಎಂದು ಬರೆದಿತ್ತು.

“ನಿಜ ಕಣೇ, ಬಾಗಿಲೇ ಇಟ್ಟಿಲ್ಲ. ಒಳಗೆ ಹೋಗೋದಾದ್ರೂ ಹೇಗೆ?” ಎಂದ ಹಮ್ದಿ.

ಕಾರ್ಡ್ ನಂಬರ್ ಕೇಳಿತು, ಹಾಕಿದ. ಪಾಸ್‌ವರ್ಡ್ ಕೇಳಿತು, ಹಾಕಿದ. ನಿಮ್ಮ ಇಮೇಲಿಗೆ ಕೋಡ್ ಕಳಿಸಿದ್ದೇವೆ, ಐದು ನಿಮಿಷದೊಳಗೆ ಹಾಕಿ ಎಂದಿತು. ಕೋಡ್ ಬರುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಮತ್ತೆ ಕೇಳಿದರು, ಮತ್ತೆ ಹತ್ತು ನಿಮಿಷ. ಮೂರನೆಯ ಸಲ ಅದು ಹೇಗೋ ನಾಲ್ಕೇ ನಿಮಿಷಕ್ಕೆ ಬಂದಾಗ ಇಬ್ಬರೂ ಚಪ್ಪಾಳೆ ತಟ್ಟಿದರು.

“ನೀವು ಮನುಷ್ಯರೇ? ಟ್ರಾಫಿಕ್ ಸಿಗ್ನಲ್ ಇರುವ ಚಿತ್ರಗಳನ್ನು ಆರಿಸಿ” ಎಂಬ ಪ್ರಶ್ನೆ ಬಂತು.

“ನಮ್ಮೂರಲ್ಲಿ ಸಿಗ್ನಲ್ಲೇ ಇಲ್ಲಮ್ಮ. ನಾನು ಮನುಷ್ಯ ಅಲ್ಲ ಅಂತ ಕಾಣುತ್ತೆ,” ಎಂದು ಹಮ್ದಿ ತಲೆ ಕೆರೆದುಕೊಂಡ. ಸುಂದುಸ್ ತಾನೇ ಆರಿಸಿದಳು.

ಕೊನೆಗೆ ಪರದೆಯ ಮೇಲೆ ಬಂದದ್ದು ಇಷ್ಟು: “ಕ್ಷಮಿಸಿ. ಈ ಪುಸ್ತಕವನ್ನು ಯೂನಿವರ್ಸಿಟಿಯ ಆವರಣದೊಳಗಿನಿಂದ ಮಾತ್ರ ತೆರೆಯಬಹುದು.”

“ಆವರಣದೊಳಗೆ ಹೋಗಿ ತೆರೀಬಹುದಲ್ಲ?”

“ಅಲ್ಲಿ ನೆಟ್ ಬರಲ್ಲ.”

ಸುಂದುಸಳಿಗೆ ಕುಣಿಯುವಷ್ಟು ಸಂತೋಷವಾಯಿತು. ಸಾಹೇಬರ ಮೀಸೆಯಿಂದ ಹಿಡಿದು “ಕ್ಷಮಿಸಿ”ಯವರೆಗೆ ಎಲ್ಲವನ್ನೂ ಪ್ರಿಂಟ್ ತೆಗೆದಳು. ಒಂಬತ್ತು ಹಾಳೆ. ನೀಟಾಗಿ ಪಿನ್ ಹೊಡೆದಳು.

ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಶುಕ್ರವಾರ ಮಧ್ಯಾಹ್ನ ಸುಂದುಸ್ ಲಮೀಸಳ ಮನೆಯ ಬೆಲ್ ಒತ್ತಿದಳು. ಬಾಗಿಲು ತೆರೆದವರು ಡಾಕ್ಟರ್ ಇಬ್ತಿಸಾಮ್. ಹಿಂದೆ ನಿಂತಿದ್ದ ಲಮೀಸ್ ಇವಳನ್ನು ಕಂಡದ್ದೇ ಮುಖ ತಿರುಗಿಸಿದಳು.

“ಆಂಟಿ, ನಿಮ್ಮ ಫ್ರೀ ಲೈಬ್ರರಿ ತೆರೆಯೋದೇ ಇಲ್ಲ. ಅದಕ್ಕೇ ಎಲ್ಲಾರೂ ನಮ್ಮಂಗಡಿಗೆ ಬರೋದು. ನೋಡಿ!” ಒಂದೇ ಉಸಿರಿಗೆ ಹೇಳಿ ಹಾಳೆಗಳನ್ನು ಚಾಚಿದಳು.

ಡಾಕ್ಟರಮ್ಮ ನಕ್ಕರು. ತಮ್ಮ ಲ್ಯಾಪ್‌ಟಾಪ್ ತಂದು ಒಂದು ಬಟನ್ ಒತ್ತಿದರು. ಪುಸ್ತಕ ಥಟ್ಟನೆ ತೆರೆದುಕೊಂಡಿತು. “ತೆರೀತಲ್ಲಮ್ಮ?”

“ನೀವು ಯಾರು ಅಂತ ಅದಕ್ಕೆ ಗೊತ್ತು ಆಂಟಿ. ಹಮ್ದಿ ಅಣ್ಣನ ಥರ ತೆರೀರಿ.”

ಡಾಕ್ಟರಮ್ಮ ಲಮೀಸಳ ಟ್ಯಾಬ್ ತೆಗೆದುಕೊಂಡು, ಹೊಸಬರಂತೆ ಮೊದಲಿನಿಂದ ಶುರುಮಾಡಿದರು. ಹಣೆ ಬಂತು. ಮೀಸೆ ಬಂತು. ಮುಕ್ಕಾಲು ಗಂಟೆಯ ಮೇಲೆ “ಕ್ಷಮಿಸಿ” ಬಂತು. ಅವರ ಮುಖ ಕೆಂಪಾಗಿತ್ತು.

“ಎರಡು ವರ್ಷದಿಂದ ಹೀಗೇನಾ? ನಾನು ಊರೂರಿಗೆ ಹೋಗಿ ‘ಎಲ್ಲರಿಗೂ ಉಚಿತ’ ಅಂತ ಭಾಷಣ ಮಾಡಿದ್ದೇ ಮಾಡಿದ್ದು, ಚಪ್ಪಾಳೆ ತಟ್ಟಿಸ್ಕೊಂಡಿದ್ದೇ ತಟ್ಟಿಸ್ಕೊಂಡಿದ್ದು! ಒಂದು ದಿನಾನಾದ್ರೂ ಹೊರಗೆ ನಿಂತು ಬಾಗಿಲು ತಟ್ಟಿ ನೋಡ್ಲಿಲ್ಲವಲ್ಲ.” ಹಾಳೆಗಳನ್ನು ಮಡಿಚಿ ತಮ್ಮ ಬ್ಯಾಗಿಗೆ ಹಾಕಿಕೊಂಡರು. “ಭಾನುವಾರ ಯೂನಿವರ್ಸಿಟಿಗೆ ಹೋಗಿ ಜಗಳ ಆಡ್ತೀನಿ. ಅಲ್ಲೀವರೆಗೂ ನಿಮ್ಮಪ್ಪನ ಅಂಗಡಿಯೇ ನನ್ನ ಲೈಬ್ರರಿ ಅಂತಾಯ್ತು.”

ಒಳಗಿನಿಂದ ಬಸ್ಬೂಸಾ ಸಿಹಿ ತಂದುಕೊಟ್ಟರು. “ಲಮೀಸ್ ಹೇಳಿದ ಆ ಒಂದು ಸಾಲು ಹೋಗಿದ್ದಕ್ಕೇ ನನಗೆ ಬೇಜಾರು. ನಿಮ್ಮಂಗಡಿಗೆ ಪುಸ್ತಕ ತಂದುಕೊಟ್ಟ ಯಾವನೋ ಹುಡುಗನೇ ಅಳಿಸಿರಬೇಕು ಬಿಡು.”

“ಸುಂದುಸ್ ಅವತ್ತೇ ಹೇಳಿದ್ಲಮ್ಮ, ಸಿಕ್ಕಿದ್ದೇ ಹೀಗೆ ಅಂತ. ನಾನೇ ಸುಮ್ಸುಮ್ನೆ ಕಳ್ಳಿ ಅಂದುಬಿಟ್ಟೆ,” ಎಂದಳು ಲಮೀಸ್, ಕಾಲ್ಬೆರಳು ನೋಡುತ್ತಾ. ಬಂದು ಸುಂದುಸಳಿಗೆ ಒತ್ತಿಕೊಂಡೇ ಕೂತಳು. ತನ್ನ ಸಿಹಿಯ ಮೇಲಿದ್ದ ಬಾದಾಮಿಯನ್ನು ತೆಗೆದು ಅವಳ ತಟ್ಟೆಗೆ ಹಾಕಿದಳು.

ಸುಂದುಸ್ ಗೆದ್ದಿದ್ದಳು. ಇಷ್ಟಕ್ಕೇ ತಾನೇ ಅವಳು ಬಂದದ್ದು? ಬಾಯಿ ಮುಚ್ಚಿಕೊಂಡು ತಿಂದು ಎದ್ದರೆ ಎಲ್ಲ ಮುಗಿಯುತ್ತಿತ್ತು.

ಸುಂದುಸ್ ತಟ್ಟೆಯನ್ನು ಕೆಳಗಿಟ್ಟಳು. ಎಷ್ಟು ಕಷ್ಟಪಟ್ಟು ತಂದಿದ್ದಳು ಆ ಒಂಬತ್ತು ಹಾಳೆ! ಅದರಲ್ಲಿ ಬೇರೆಯವರು ಮುಚ್ಚಿದ್ದೆಲ್ಲ ಇತ್ತು. ತಾನು ಮುಚ್ಚಿದ ಒಂದು ಸಾಲು ಮಾತ್ರ ಇರಲಿಲ್ಲ.

“ಆ ಹುಡುಗ ಅಳಿಸಿಲ್ಲ ಆಂಟಿ,” ಎಂದಳು. ಅವಳ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. “ಅದರ ಮೇಲೆ ಚೀಟಿ ಇಟ್ಟು ಕಾಪಿ ಮಾಡೋದು. ಚೀಟಿ ಕತ್ತರಿಸಿದ್ದು ನಾನೇ. ಲಮೀಸ್‌ಗೆ ಸುಳ್ಳು ಹೇಳಿದೆ.”

ಲಮೀಸ್ ಎದ್ದಳು. ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಡಾಕ್ಟರಮ್ಮ ಬೈಯಲಿಲ್ಲ. ಉಳಿದ ಸಿಹಿಯನ್ನು ಕಾಗದದಲ್ಲಿ ಸುತ್ತಿ, “ಅಪ್ಪನಿಗೂ ಕೊಡು,” ಎಂದರು. ಬೈದಿದ್ದರೇ ವಾಸಿಯಿತ್ತು ಎಂದು ಸುಂದುಸಳಿಗೆ ಮೆಟ್ಟಿಲು ಇಳಿಯುವಾಗ ಅನ್ನಿಸಿತು.

ಶನಿವಾರ ಅಂಗಡಿಯಲ್ಲಿ ಮತ್ತೆ ಅದೇ ಸಾಲು. ಅಪ್ಪ ಮೊದಲ ಹಾಳೆಯನ್ನು ಎತ್ತಿಕೊಂಡು, ಎಂದಿನಂತೆ ತಿರುಗಿಯೂ ನೋಡದೆ ಕೈ ಚಾಚಿದ.

“ಚೀಟಿ.”

“ಇಲ್ಲ ಬಾಬಾ.”

“ಕಳೀತಾ? ಇನ್ನೊಂದು ಕತ್ತರಿಸು.”

“ಕತ್ತರಿಸಲ್ಲ.”

ಅಪ್ಪ ತಿರುಗಿ ನೋಡಿದ. “ತಲೆ ಕೆಟ್ಟಿದ್ಯಾ? ಉಚಿತ ಅಂತ ಬರೆದಿರೋದನ್ನ ಯಾವನು ಕಾಸು ಕೊಟ್ಟು ತಗೋತಾನೆ?”

“ಲಮೀಸ್ ನನ್ನ ಪಕ್ಕ ಕೂರೋದು ಬಿಟ್ಟಿದಾಳೆ ಬಾಬಾ.” ಸುಂದುಸ್ ಕತ್ತರಿಯನ್ನು ಅಪ್ಪನ ಕಡೆ ತಳ್ಳಿದಳು. “ನೀನೇ ಬೇಕಾದ್ರೆ ಕತ್ತರಿಸ್ಕೋ.”

ಅಪ್ಪ ಕತ್ತರಿ ಎತ್ತಿಕೊಂಡ. ಅವನು ಕತ್ತರಿಸಿದ ಚೀಟಿ ಇಲಿ ಕಡಿದಂತಿತ್ತು. “ಬೇಗ ಉಸ್ತಾದ್! ಪರೀಕ್ಷೆ ಮುಗಿದ ಮೇಲೆ ಕೊಡ್ತೀರಾ?” ಎಂದು ಸಾಲಿನಿಂದ ಯಾರೋ ಕೂಗಿದರು. ಅಪ್ಪ ಚೀಟಿಯನ್ನೊಮ್ಮೆ ನೋಡಿದ, ಮಗಳನ್ನೊಮ್ಮೆ ನೋಡಿದ. ಆಮೇಲೆ ಗೊಣಗುತ್ತಾ ಚೀಟಿಯನ್ನು ಮುದ್ದೆ ಮಾಡಿ ಎಸೆದು, ಹಾಳೆಯನ್ನು ಹಾಗೆಯೇ ಗಾಜಿನ ಮೇಲಿಟ್ಟು ಬಟನ್ ಒತ್ತಿದ.

ಮೊದಲ ಪುಸ್ತಕ ಹಮ್ದಿಯ ಕೈಗೆ ಹೋಯಿತು. ಅವನು ಮೊದಲ ಪುಟದ ಸಾಲನ್ನು ಎಲ್ಲರಿಗೂ ಕೇಳುವಂತೆ ಓದಿದ. “ಎಲ್ಲರಿಗೂ ಉಚಿತ ಅಂತಿದೆಯಲ್ಲ ಉಸ್ತಾದ್?”

“ಅಕ್ಷರ ಉಚಿತ. ಪೇಪರು, ಮಸಿ, ನನ್ನ ಸೊಂಟನೋವು ಉಚಿತ ಅಲ್ಲ.”

“‘ಮಾರಬೇಡಿ’ ಅಂತಾನೂ ಇದೆ!”

ಅಪ್ಪ ಗಂಟಲು ಸರಿಮಾಡಿಕೊಂಡ. “ಅದಕ್ಕೇ ಇವತ್ತಿಂದ ಐದು ಪೌಂಡ್ ಕಮ್ಮಿ.”

ಹುಡುಗರು ಹೋ ಎಂದು ನಕ್ಕರು. ಆದರೆ ಸಾಲು ಬಿಟ್ಟು ಒಬ್ಬನೂ ಕದಲಲಿಲ್ಲ. ಸಂಜೆಯೊಳಗೆ ಇಡೀ ರಾಶಿ ಖಾಲಿಯಾಯಿತು. ಅಪ್ಪನಿಗೆ ಸಂತೋಷಕ್ಕಿಂತ ಕಸಿವಿಸಿಯೇ ಹೆಚ್ಚಾದಂತಿತ್ತು. “ಈಗಿನ ಹುಡುಗರು ಮೊದಲ ಪೇಜು ಓದೋದೇ ಇಲ್ಲ,” ಎಂದು ಬಾಗಿಲು ಎಳೆಯುವವರೆಗೂ ಗೊಣಗಿದ.

ರಜೆ ಮುಗಿದು ಭಾನುವಾರ ಶಾಲೆಯಲ್ಲಿ ಲಮೀಸ್ ದಾಲ್ಯಾಳ ಪಕ್ಕದಲ್ಲೇ ಕೂತಿದ್ದಳು. ಅದನ್ನು ನೋಡಿ ಸುಂದುಸಳಿಗೆ ಅಳು ಒತ್ತಿಕೊಂಡು ಬಂತು. ತಾನು ಶುಕ್ರವಾರ ಸುಮ್ಮನಿದ್ದಿದ್ದರೆ ಲಮೀಸ್ ಇವತ್ತು ಇಲ್ಲೇ ಕೂತು ಕಿವಿಯಲ್ಲಿ ಗುಸುಗುಸು ಎನ್ನುತ್ತಿದ್ದಳು.

ಇಂಟರ್ವಲ್ ಬೆಲ್ ಹೊಡೆಯಿತು. ಲಮೀಸ್ ಬಂದು ಬೆಂಚಿನ ಪಕ್ಕ ನಿಂತಳು. ಕೂರಲಿಲ್ಲ.

“ಅಮ್ಮ ಜಗಳ ಆಡೋಕೆ ಹೋಗಿದಾರೆ.”

“ಹೂಂ.”

“ನಾನಿನ್ನೂ ನಿನ್ನ ಜೊತೆ ಟೂ ಬಿಟ್ಟಿದೀನಿ. ಎಷ್ಟು ದಿನ ಅಂತ ಡಿಸೈಡ್ ಮಾಡಿಲ್ಲ.”

‘ನಿಮ್ಮಮ್ಮನ ಲೈಬ್ರರೀನೂ ಮುಚ್ಚೇ ಇತ್ತಲ್ಲ’ ಎಂಬ ಮಾತು ಸುಂದುಸಳ ನಾಲಿಗೆಯ ತುದಿಯವರೆಗೆ ಬಂತು. ಅದು ನಿಜವೂ ಆಗಿತ್ತು. ಅವಳು ಅದನ್ನು ನುಂಗಿಕೊಂಡಳು.

“ಸರಿ,” ಎಂದಳು.

ಇಂಟರ್ವಲ್ ಮುಗಿಯುವ ಬೆಲ್ ಹೊಡೆಯುವವರೆಗೂ ಲಮೀಸ್ ಅಲ್ಲೇ, ಅವಳ ಬೆಂಚಿನ ಪಕ್ಕ, ನಿಂತಿದ್ದಳು.